ಅಡಿಕೆ ದರದ ವೆಬ್‌ಸೈಟು ಮಾರಿದ ನನ್ನ ಅನುಭವ

ಈ ಯುಗಾದಿ ಹೊತ್ತಿಗೆ ದಿನಾ ಅಡಿಕೆ ದರ ಹಾಕುವ ನನ್ನ ವೆಬ್‌ಸೈಟು ಕೊನೆಗೂ ಮಾರಾಟವಾಯಿತು. ಹತ್ತಿರ ಹತ್ತಿರ 14 ಲಕ್ಷ. "ಕನ್ನಡದ ಸೈಟನ್ನ ಯಾವನೋ ತಗೊಳ್ತಾನೆ?" ಅಂತ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾರಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ. ಹೋಸ್ಟಿಂಗ್ ಅಂದರೆ ಸೈಟು ಇಡುವ ಬಾಡಿಗೆ ಜಾಗ, ಡೊಮೇನ್ ಅಂದರೆ ಸೈಟಿನ ಹೆಸರು, ಅಷ್ಟು ಗೊತ್ತಿದ್ದರೆ ಸಾಕು.

ಮೊದಲ ಸಲ ಮಾರಲು ಹೋದಾಗ ನನ್ನ ತಲೆ ಕೆಡಿಸಿದ್ದು ವಾಟ್ಸಾಪ್. 2014ರಲ್ಲಿ ಫೇಸ್‌ಬುಕ್ ಅದಕ್ಕೆ 1,900 ಕೋಟಿ ಡಾಲರ್ ಕೊಡುವುದಾಗಿ ಹೇಳಿತ್ತು. ಆಗ ವಾಟ್ಸಾಪ್ ಬಳಸುತ್ತಿದ್ದವರು ಸುಮಾರು 45 ಕೋಟಿ. ಅಂದರೆ ತಲೆಗೆ 42 ಡಾಲರ್, ಆಗಿನ ಲೆಕ್ಕದಲ್ಲಿ 2,600 ರೂಪಾಯಿ. ನನ್ನ ಸೈಟಿಗೆ ಆಗ ತಿಂಗಳಿಗೆ 40 ಸಾವಿರ ಜನ ಬರುತ್ತಿದ್ದರು. ಮಂಡಿ ಚೀಟಿಯ ಹಿಂದೆ ಗುಣಿಸಿ ನೋಡಿದರೆ ಹತ್ತು ಕೋಟಿ ಚಿಲ್ಲರೆ! ಅಷ್ಟೆಲ್ಲ ಆಸೆ ಬೇಡ ಅಂತ ಧಾರಾಳ ಮನಸ್ಸಿನಿಂದ 50 ಲಕ್ಷಕ್ಕೆ ಮಾರಾಟಕ್ಕಿಟ್ಟೆ. ಆರು ತಿಂಗಳಲ್ಲಿ ಬಂದದ್ದು ಒಂದೇ ಫೋನು. ಅವರಿಗೂ ಬೇಕಿದ್ದದ್ದು ಅವತ್ತಿನ ರಾಶಿ ಅಡಿಕೆಯ ದರ.

ಆಮೇಲೆ ನನ್ನ ಇನ್ನೊಂದು ಸೈಟು, ಬಸ್ ವೇಳಾಪಟ್ಟಿಯದ್ದು, ಒಂದು ಸ್ಟಾರ್ಟಪ್‌ಗೆ ಕೊಟ್ಟೆ. ಎರಡು ಲಕ್ಷ ನಗದು, ಉಳಿದದ್ದು ಅವರ ಷೇರು. 1999ರಲ್ಲಿ ಅಮೆರಿಕದ ಉದ್ಯಮಿ ಮಾರ್ಕ್ ಕ್ಯೂಬನ್ ಮತ್ತು ಜೊತೆಗಾರರು ತಮ್ಮ ಇಂಟರ್ನೆಟ್ ರೇಡಿಯೋ ಕಂಪನಿ ಬ್ರಾಡ್‌ಕಾಸ್ಟ್ ಡಾಟ್ ಕಾಮ್ ಅನ್ನು ಯಾಹೂಗೆ 570 ಕೋಟಿ ಡಾಲರಿಗೆ ಮಾರಿದಾಗಲೂ ಸಿಕ್ಕಿದ್ದು ಷೇರೇ. ಆದರೆ ಕ್ಯೂಬನ್ ಚಾಲಾಕಿ, ಷೇರು ಬಿದ್ದರೂ ತನಗೆ ಪೆಟ್ಟಾಗದ ಹಾಗೆ ಆಪ್ಷನ್, ಅಂದರೆ ಮುಂದೆ ಇಂತಿಷ್ಟು ಬೆಲೆಗೇ ಮಾರುವ ಹಕ್ಕು, ಮಾಡಿಟ್ಟುಕೊಂಡಿದ್ದ. ನನ್ನದು ಮಾರುಕಟ್ಟೆಗೇ ಬರದ ಷೇರು, ಯಾರಿಗೆ ಮಾರಲಿ? ಒಂದೂವರೆ ವರ್ಷಕ್ಕೆ ಕಂಪನಿ ಬಾಗಿಲು ಹಾಕಿತು. ಷೇರಿನ ಕಾಗದ ಇನ್ನೂ ಬೀರುವಿನಲ್ಲಿದೆ.

ನಡುವೆ ಸೈಟಿಲ್ಲದೆ ಬರೀ ಡೊಮೇನ್ ಹೆಸರು ಮಾರುವ ಹುಚ್ಚೂ ಹತ್ತಿತ್ತು. 2019ರಲ್ಲಿ ವಾಯ್ಸ್ ಡಾಟ್ ಕಾಮ್ ಅನ್ನುವ ಹೆಸರೊಂದಕ್ಕೇ 3 ಕೋಟಿ ಡಾಲರ್ ಸಿಕ್ಕಿತಲ್ಲ, ಅದನ್ನು ಓದಿ 11 ಕನ್ನಡ ಹೆಸರು ಹಿಡಿದುಕೊಂಡು ಕೂತೆ. ವರ್ಷಕ್ಕೆ ಒಂದಕ್ಕೆ 900ರಂತೆ ನಾಲ್ಕು ವರ್ಷ, ಹೋಗಿದ್ದು 40 ಸಾವಿರದ ಹತ್ತಿರ. ಒಂದು ಹೆಸರನ್ನು ಹೋಂಸ್ಟೇ ನಡೆಸುವವರೊಬ್ಬರು 6 ಸಾವಿರಕ್ಕೆ ತಗೊಂಡರು. ಅಷ್ಟೇ.

ಅಡಿಕೆ ಸೈಟಿಗೆ ಬರೋಣ. ಅಷ್ಟರಲ್ಲಿ ತಿಂಗಳಿಗೆ ಆರು ಲಕ್ಷ ಪುಟ ನೋಡುತ್ತಿದ್ದರು. ಜಾಹೀರಾತಿನಿಂದ 18 ಸಾವಿರದ ಆಸುಪಾಸು, ಉಳಿದದ್ದು ಕಾರ್ಬನ್ ದೋಟಿ (ಅಡಿಕೆ ಕೊಯ್ಯುವ ಉದ್ದ ಕೋಲು), ಅಡಿಕೆ ಒಣಗಿಸುವ ಡ್ರೈಯರ್ ಮಾರುವವರು ತಿಂಗಳಿಗಿಷ್ಟು ಅಂತ ಕೊಡುತ್ತಿದ್ದದ್ದು. ಖರ್ಚು ಕಳೆದು 50 ಸಾವಿರ ಉಳಿಯುತ್ತಿತ್ತು. ನೋಡಲು ಬಂದವರೆಲ್ಲ 20 ತಿಂಗಳ ಲಾಭಕ್ಕಿಂತ, ಅಂದರೆ ಹತ್ತು ಲಕ್ಷಕ್ಕಿಂತ, ಮೇಲೆ ಏರಲೇ ಇಲ್ಲ. ಯಾಕೆ? ದಿನಾ ಸಂಜೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ದರ ತುಂಬುತ್ತಿದ್ದವನು ನಾನೇ. ನಾನು ಎದ್ದು ಹೋದರೆ ಸೈಟೂ ಮಲಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಅದಕ್ಕೆ ದರ ತುಂಬಲು ಸಾಗರದ ಹುಡುಗಿಯೊಬ್ಬಳನ್ನು ತಿಂಗಳಿಗೆ 6 ಸಾವಿರಕ್ಕೆ ಇಟ್ಟುಕೊಂಡೆ. "ಮಾರೋ ಹೊತ್ತಲ್ಲಿ ಲಾಭ ಕಡಿಮೆ ಮಾಡ್ಕೊಳ್ತೀಯಲ್ಲೋ" ಅಂತ ಎಲ್ಲರೂ ಬೈದರು. ಲಾಭ 44 ಸಾವಿರಕ್ಕಿಳಿಯಿತು, ನಿಜ. ಆದರೆ ನಾನು ಎರಡು ತಿಂಗಳು ಸೈಟಿಗೆ ಲಾಗಿನ್ನೇ ಆಗಲಿಲ್ಲ. ಯಾರು ಯಾವಾಗ ಒಳಬಂದರು ಅನ್ನುವ ಆ ಲಾಗ್, ಜೊತೆಗೆ ಸೈಟಿಗೆ ಅಂತಲೇ ತೆರೆದಿದ್ದ ಬ್ಯಾಂಕ್ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್, ಎರಡನ್ನೂ ಮುಂದಿಟ್ಟೆ. ಗಿರಾಕಿಯೊಬ್ಬರು 32 ತಿಂಗಳ ಲಾಭಕ್ಕೆ ಒಪ್ಪಿದರು! ಲೆಕ್ಕ ನೀವೇ ಹಾಕಿ.

ಗಿರಾಕಿ ಎಲ್ಲಿ ಸಿಕ್ಕಿದರು ಅಂತ ಮಾತ್ರ ಕೇಳಬೇಡಿ, ಮಾರಲು ನನ್ನ ಹತ್ತಿರ ಇನ್ನೊಂದು ಸೈಟಿದೆ. ಈ ಸಲ ಷೇರು ಗೀರು ಬೇಡ ಅಂತ ಮೊದಲೇ ಹೇಳಿದ್ದೆ. ಹಣ ಎಸ್ಕ್ರೋದಲ್ಲಿ, ಅಂದರೆ ಇಬ್ಬರ ನಡುವಿನವರು ಹಿಡಿದಿಟ್ಟುಕೊಳ್ಳುವ ಖಾತೆಯಲ್ಲಿ, ಬಂದು ಕೂತ ಮೇಲೇ ಡೊಮೇನ್ ವರ್ಗಾಯಿಸುವ ಕೋಡ್ ಕೊಟ್ಟದ್ದು. ಸಾಗರದ ಹುಡುಗಿ ಈಗ ಅವರ ಹತ್ತಿರ, 9 ಸಾವಿರಕ್ಕೆ. ತೆರಿಗೆ ಲೆಕ್ಕ ಇನ್ನೂ ಆಡಿಟರ್ ಮೇಜಿನ ಮೇಲಿದೆ.