ಸೊಪ್ಪಿನ ಮಡಿಗೆ ಡಿಎಪಿ ನಿಲ್ಲಿಸಿದ್ದೇಕೆ

ಹೊಸಕೋಟೆ ಕಡೆಯ ನಮ್ಮ ಜಮೀನಿನಲ್ಲಿ ದಂಟು, ಪಾಲಕ್, ಕೊತ್ತಂಬರಿ ಬೆಳೆದು ಬೆಂಗಳೂರಿಗೆ ಕಳಿಸುತ್ತೇವೆ. ಸೊಪ್ಪು ಬೇಗ ಕೊಯ್ಲಿಗೆ ಬರುತ್ತದೆ, ಮತ್ತೆ ಬಿತ್ತುತ್ತೇವೆ. ಪ್ರತಿ ಬಿತ್ತನೆಗೂ ಡಿಎಪಿ, ಅಂದರೆ ಸಾರಜನಕ, ರಂಜಕ ಎರಡೂ ಇರುವ ರಾಸಾಯನಿಕ ಗೊಬ್ಬರ, ಹಾಕುವುದು ಇಲ್ಲಿನ ರೂಢಿ.

ಇಂಥ ರಂಜಕದ ಗೊಬ್ಬರ ತಯಾರಾಗುವುದು ಶಿಲಾರಂಜಕವೆಂಬ ಗಣಿಯ ಕಲ್ಲಿನಿಂದ. ಆ ಕಲ್ಲಿನಲ್ಲಿರುವ ಕ್ಯಾಡ್ಮಿಯಂ ಎಂಬ ವಿಷಲೋಹ ಗೊಬ್ಬರದ ಜೊತೆಗೇ ಹೊಲ ಸೇರುತ್ತದೆ. ಯುರೋಪ್ ಒಕ್ಕೂಟ 2022ರಿಂದ ಇದಕ್ಕೆ ಮಿತಿ ಹಾಕಿದೆ: ಒಂದು ಕೆಜಿ ರಂಜಕದ ಪೆಂಟಾಕ್ಸೈಡಿಗೆ (ಗೊಬ್ಬರದ ರಂಜಕವನ್ನು ಲೆಕ್ಕ ಹಾಕುವ ರೂಪ) 60 ಮಿಲಿಗ್ರಾಂ. ಆ ಮಿತಿಯೊಳಗಿದ್ದರೂ 50 ಕೆಜಿ ಡಿಎಪಿ ಮೂಟೆಯಲ್ಲಿ 1.4 ಗ್ರಾಂವರೆಗೆ ಇರಬಹುದು. ಯೂರಿಯಾದ ಹಾಗೆ ಇದು ಕರಗಿ ಹೋಗುವುದಿಲ್ಲ, ಮೇಲ್ಮಣ್ಣಲ್ಲೇ ಕೂರುತ್ತದೆ. ತಿಂದವರ ಮೂತ್ರಪಿಂಡದಲ್ಲೂ ದಶಕಗಟ್ಟಲೆ ಉಳಿಯುತ್ತದೆ. ಬೇರೆ ತರಕಾರಿಗಿಂತ ಸೊಪ್ಪಿನ ಎಲೆಯಲ್ಲಿ ಹೆಚ್ಚು ಸೇರುವುದರಿಂದ ನಮ್ಮಂಥವರು ಸುಮ್ಮನಿರುವಂತಿಲ್ಲ.

ಪರೀಕ್ಷೆಗೆ ಮಣ್ಣು ತೆಗೆದ ಕ್ರಮ ಹೇಳುತ್ತೇನೆ. ಬದು, ಗೊಬ್ಬರದ ಗುಂಡಿ ಹತ್ತಿರ ಬಿಟ್ಟು ಅಂಕುಡೊಂಕಾಗಿ ನಡೆದು, ಅಲ್ಲಲ್ಲಿ ಆರಂಗುಲ ಆಳದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳತನಕ ಒಂದೇ ದಪ್ಪಕ್ಕೆ ಮಣ್ಣು ಕೆರೆದೆ. ಕೆರೆದದ್ದು ಮರದ ಪಟ್ಟಿಯಲ್ಲಿ, ಹಿಡಿದದ್ದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಸತು ಲೇಪಿಸಿದ ತಗಡಿನ ಪಾತ್ರೆ ಮಣ್ಣಿನ ಸತುವಿನ ಲೆಕ್ಕ ಕೆಡಿಸುತ್ತದೆ. ಎಲ್ಲ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಚೆಲ್ಲುತ್ತ ಅರ್ಧ ಕೆಜಿಗೆ ಇಳಿಸಿ ನೆರಳಲ್ಲಿ ಒಣಗಿಸಿದೆ. ಸರ್ಕಾರ ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನ ಪರೀಕ್ಷೆಯಲ್ಲಿ ಕ್ಯಾಡ್ಮಿಯಂ ಇರುವುದಿಲ್ಲ, ಪ್ರಯೋಗಾಲಯದಲ್ಲಿ ಬೇರೆಯಾಗಿ ಕೇಳಿ ಮಾಡಿಸಬೇಕು. ಪಾಲಕ್ ಎಲೆಯನ್ನೂ ಕೊಟ್ಟೆ. ಸೊಪ್ಪಿಗೆ ನಮ್ಮ ದೇಶದ ಆಹಾರ ಸುರಕ್ಷತಾ ಮಿತಿ ಕೆಜಿಗೆ 0.2 ಮಿಲಿಗ್ರಾಂ. ನಮ್ಮದು ಅದರೊಳಗಿತ್ತು, ಆದರೆ ನೆಮ್ಮದಿಯಾಗುವಷ್ಟು ಕೆಳಗಿರಲಿಲ್ಲ.

ವರದಿಯಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ ಎರಡು ಸಾಲು. ಲಭ್ಯ ರಂಜಕ 'ಹೆಚ್ಚು'. ರಸಸಾರ (ಪಿಎಚ್) 5.4, ಅಂದರೆ ಹುಳಿ ಮಣ್ಣು. ರಂಜಕ ಸಾಕಷ್ಟಿರುವ ಮಣ್ಣಿಗೆ ಮತ್ತೆ ಡಿಎಪಿ ಸುರಿದರೆ ಇಳುವರಿಗೆ ಲಾಭವಿಲ್ಲ, ಕ್ಯಾಡ್ಮಿಯಂ ಮಾತ್ರ ಕೂಡುತ್ತದೆ. ಹುಳಿ ಹೆಚ್ಚಿದಷ್ಟೂ ಅದು ಮಣ್ಣಿನ ಹಿಡಿತ ಬಿಟ್ಟು ಬೇರಿಗೆ ಸುಲಭವಾಗಿ ಸಿಗುತ್ತದೆ. ಯೂರಿಯಾ ಸತತವಾಗಿ ಹಾಕಿದರೂ ಹುಳಿ ಏರುತ್ತದೆ.

ಡಿಎಪಿ ನಿಲ್ಲಿಸಿದೆ. ಯೂರಿಯಾ ತಗ್ಗಿಸಿದೆ. ವರದಿಯಲ್ಲಿ ಹೇಳಿದಷ್ಟು ಕೃಷಿ ಸುಣ್ಣವನ್ನು ಬಿತ್ತನೆಗೆ ಮುಂಚೆಯೇ ಮಣ್ಣಿಗೆ ಬೆರೆಸಿ ನೀರು ಕೊಟ್ಟೆ. ಸತುವೂ ಕಡಿಮೆಯಿದ್ದುದರಿಂದ ಜಿಂಕ್ ಸಲ್ಫೇಟ್ ಹಾಕಿದೆ. ಸತು ಕೊರತೆಯಿದ್ದರೆ ಗಿಡ ಕ್ಯಾಡ್ಮಿಯಂ ಹೆಚ್ಚು ಎಳೆದುಕೊಳ್ಳುತ್ತದೆ. ಜೊತೆಗೆ ಕೊಟ್ಟಿಗೆ ಗೊಬ್ಬರ. ಇಷ್ಟರಿಂದ ಮಣ್ಣಿನಲ್ಲಿ ಈಗಾಗಲೇ ಇರುವುದು ಹೋಗುವುದಿಲ್ಲ, ಸೊಪ್ಪಿಗೆ ಏರುವುದು ಕಡಿಮೆಯಾಗುತ್ತದೆ. ಸೊಪ್ಪಿನ ಬಣ್ಣ, ತೂಕ ಎರಡೂ ಕುಂದಲಿಲ್ಲ.

ನಗರದ ಕಸದಿಂದ ಮಾಡಿದ ಕಾಂಪೋಸ್ಟ್ ಕೊಳ್ಳುವವರು ಪರೀಕ್ಷಾ ವರದಿ ಕೇಳಿ. ಕಾಂಪೋಸ್ಟಿನಲ್ಲಿ ಕ್ಯಾಡ್ಮಿಯಂ ಕೆಜಿಗೆ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಬಾರದೆಂದು ರಸಗೊಬ್ಬರ ನಿಯಂತ್ರಣ ಆದೇಶವೇ ಹೇಳುತ್ತದೆ. ವರದಿ ತೋರಿಸದವರ ಲೋಡನ್ನು ನಾನು ಇಳಿಸಿಕೊಳ್ಳುವುದಿಲ್ಲ.