ಲೈಸೆನ್ಸ್ ಬಂದ ಮೇಲಿನ ನೂರು ದಿನ

ಎಚ್ ಹಾಕುವುದನ್ನು, ಅಂದರೆ ಲೈಸೆನ್ಸ್ ಪರೀಕ್ಷೆಗೆ ಕಂಬಗಳ ನಡುವೆ ಎಚ್ ಆಕಾರದಲ್ಲಿ ಕಾರು ಓಡಿಸುವುದನ್ನು, ನಾನು ಹನ್ನೆರಡು ದಿನದಲ್ಲಿ ಕಲಿಸಬಲ್ಲೆ. ಎರಡನೇ ಕಂಬ ಹಿಂದಿನ ಕಿಟಕಿಯ ಮೂಲೆಗೆ ಬಂದಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಕನ್ನಡಿಯಲ್ಲಿ ಮೂಲೆಯ ಕಂಬ ಕಂಡಾಗ ನೇರ ಮಾಡಿ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಲಾಡು ತಂದು ಕೊಡುತ್ತಾರೆ. ಲಾಡು ತಿನ್ನುತ್ತಲೇ ನಾನು ಕೇಳುವುದು ಒಂದೇ ಪ್ರಶ್ನೆ: "ನಾಳೆ ಪಕ್ಕದಲ್ಲಿ ಯಾರು ಕೂರುತ್ತಾರೆ?"

ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ಹದಿನೆಂಟು ವರ್ಷಗಳಿಂದ ಕಾರು ಕಲಿಸುತ್ತಿದ್ದೇನೆ. ಕಲಿಸುವ ಕಾರಿನಲ್ಲಿ ನನ್ನ ಕಾಲ ಬುಡದಲ್ಲೂ ಒಂದು ಬ್ರೇಕ್, ಒಂದು ಕ್ಲಚ್ ಇರುತ್ತದೆ. ಲರ್ನರ್ಸ್ ಸಿಕ್ಕಿ ಮೂವತ್ತು ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಆ ಮೂವತ್ತು ದಿನಗಳಲ್ಲಿ ಎಷ್ಟೋ ಸಲ ಬ್ರೇಕ್ ಒತ್ತಿದವಳು ನಾನು, ತಾವೇ ಒತ್ತಿದೆವು ಅಂದುಕೊಂಡವರು ಅವರು. ಲೈಸೆನ್ಸ್ ಬಂದ ಮರುದಿನ ಆ ಬ್ರೇಕ್ ಇಲ್ಲ. ಆದ್ದರಿಂದ ನನ್ನ ಪಾಠದ ಎರಡನೇ ಭಾಗ ಅಲ್ಲಿಂದ ಶುರು.

ಮೊದಲ ವಾರ ಮನೆಯ ಕಾರಿನಲ್ಲಿ, ಅಂಗಳದಲ್ಲೇ ನಿಲ್ಲಿಸಿ ಕುಳಿತು ನೋಡಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಎದೆಗೂ ಸ್ಟೇರಿಂಗಿಗೂ ನಡುವೆ ಒಂದು ಗೇಣು ಮೇಲೆ ಎರಡು ಬೆರಳು, ಅಂದರೆ ಸುಮಾರು 25 ಸೆಂಟಿಮೀಟರ್ ಇರಬೇಕು. ಗಾಳಿಚೀಲ (ಏರ್‌ಬ್ಯಾಗ್) ಬಿಚ್ಚಿಕೊಳ್ಳಲು ಅಷ್ಟು ಜಾಗ ಬೇಕು. ಭಯವಿರುವವರು ಸ್ಟೇರಿಂಗಿಗೆ ಅಂಟಿಕೊಂಡು ಕೂರುತ್ತಾರೆ, ಪೆಟ್ಟು ಬಿದ್ದರೆ ಅವರಿಗೇ ಹೆಚ್ಚು. ಕನ್ನಡಿಗಳನ್ನು ಸರಿಪಡಿಸಿದ ಮೇಲೆ ಯಾರನ್ನಾದರೂ ಕಾರಿನ ಸುತ್ತ ನಡೆಯಲು ಹೇಳಿ. ಅವರು ಯಾವ ಜಾಗದಲ್ಲಿ ಮೂರೂ ಕನ್ನಡಿಯಿಂದ ಮಾಯವಾಗುತ್ತಾರೋ ಆ ಜಾಗವನ್ನು ನೆನಪಿಟ್ಟುಕೊಳ್ಳಿ. ನಾಳೆ ಅಲ್ಲಿ ಸ್ಕೂಟರ್ ಇರುತ್ತದೆ.

ಇನ್ನು ನಮ್ಮೂರಿನ ನಿಜವಾದ ಗಂಡಾಂತರ: ಡಾಮರಿನ ಅಂಚು.

ಪೆರ್ಲದ ಹತ್ತಿರದ ಒಬ್ಬರು ನನ್ನಲ್ಲಿ ಕಲಿತರು. ಐವತ್ತೆರಡು ವರ್ಷ, ಅಡಿಕೆ ತೋಟದ ಮನೆ, ನಾನು ಅತ್ತಿಗೆ ಎಂದು ಕರೆಯುತ್ತೇನೆ. ಕಲಿಕೆಯ ಕೊನೆಯ ವಾರ, ಮೊದಲ ಮಳೆ ಬಿದ್ದ ಸಂಜೆ. ಎದುರಿನಿಂದ ಕೆಂಪುಕಲ್ಲಿನ ಲಾರಿ ಬಂತು. ಅತ್ತಿಗೆ ಎಡಕ್ಕೆ ಸರಿದರು, ಎಡಬದಿಯ ಎರಡು ಚಕ್ರಗಳು ಡಾಮರಿನಿಂದ ಕೆಳಗೆ ಇಳಿದವು. ಇಳಿದದ್ದು ಅರ್ಧ ಗೇಣಿನಷ್ಟೇ. ಆದರೆ ಆ ಶಬ್ದಕ್ಕೆ ಗಾಬರಿಯಾಗಿ ಅವರು ಸ್ಟೇರಿಂಗನ್ನು ಬಲಕ್ಕೆ ಎಳೆದರು. ಚಕ್ರ ಅಂಚಿಗೆ ಒರಸಿಕೊಂಡು ಹತ್ತದೆ ಹಟ ಹಿಡಿಯಿತು. ಇನ್ನಷ್ಟು ಎಳೆದರು. ಹತ್ತಿದ್ದೇ ತಡ, ಕಾರು ರಸ್ತೆಗೆ ಅಡ್ಡವಾಗಿ ಆಚೆ ಬದಿಗೆ ನುಗ್ಗಿತು. ಲಾರಿ ಅಷ್ಟರಲ್ಲಿ ದಾಟಿತ್ತು, ಅದರ ಹಿಂದೆ ಬಸ್ ಇರಲಿಲ್ಲ, ನನ್ನ ಕಾಲು ಬ್ರೇಕಿನ ಮೇಲಿತ್ತು. ಈ ಮೂರರಲ್ಲಿ ಎರಡು ಬರೀ ಅದೃಷ್ಟ.

ಮರುದಿನ ಖಾಲಿ ರಸ್ತೆಯಲ್ಲಿ ಬೇಕೆಂದೇ ಚಕ್ರ ಇಳಿಸಿ ಹತ್ತು ಸಲ ಅಭ್ಯಾಸ ಮಾಡಿಸಿದೆ. ನೀವೂ ಮಾಡಿ, ಪಕ್ಕದಲ್ಲಿ ನುರಿತವರನ್ನು ಕೂರಿಸಿಕೊಂಡು. ಚಕ್ರ ಇಳಿದರೆ ಸ್ಟೇರಿಂಗನ್ನು ನೇರವಾಗಿ ಹಿಡಿದುಕೊಳ್ಳಿ, ಆಕ್ಸಿಲರೇಟರ್ ಬಿಡಿ, ಬ್ರೇಕನ್ನು ತುಳಿದು ಜಗ್ಗಬೇಡಿ. ಒಂದು ಚಕ್ರ ಹುಲ್ಲಿನ ಮೇಲೆಯೇ ಹೋಗಲಿ, ಏನೂ ಆಗುವುದಿಲ್ಲ. ನಡಿಗೆಯ ವೇಗಕ್ಕೆ ಬಂದ ಮೇಲೆ, ಅಂಚು ತಗ್ಗಿರುವ ಕಡೆ, ಹಿಂದೆ ಮುಂದೆ ನೋಡಿ ಮೆಲ್ಲನೆ ಹತ್ತಿಸಿ. ಏಳನೇ ಸಲಕ್ಕೆ ಅತ್ತಿಗೆ, "ಟೀಚರೇ, ಇದು ಹಟಮಾರಿ ದನವನ್ನು ಕೊಟ್ಟಿಗೆಗೆ ಹೊಗಿಸಿದ ಹಾಗೆ. ಎಳೆದರೆ ಬರುವುದಿಲ್ಲ" ಎಂದರು. ಅಲ್ಲಿಂದ ಮುಂದೆ ಈ ಪಾಠಕ್ಕೆ ನಾನು ಇದೇ ಹೋಲಿಕೆ ಬಳಸುತ್ತಿದ್ದೇನೆ.

ಇಳಿಜಾರಿನ ಲೆಕ್ಕ ಚಿಕ್ಕದು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತದೆ: ಎಂಜಿನ್ನಿನ ಹಿಡಿತ ತಪ್ಪುತ್ತದೆ, ಬ್ರೇಕ್ ಕಾದು ಕೈಕೊಡುತ್ತದೆ. ಕಿರಿದಾದ ಏರಿನಲ್ಲಿ ಎರಡು ವಾಹನ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ಉಪಚಾರವಲ್ಲ, ನಿಯಮ.

ಫಲಕಗಳ ಬಗ್ಗೆ ಗಡಿನಾಡಿನ ನಮಗೊಂದು ಮಾತು. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆ ಅಕ್ಷರ ಹೆಚ್ಚಾಗಿ ಮಲಯಾಳ, ಆಚೆ ಕನ್ನಡ. ನನ್ನಲ್ಲಿ ಬರುವ ವಯಸ್ಸಾದ ಹೆಂಗಸರಲ್ಲಿ ಹಲವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ನಾನು ಆಕಾರವನ್ನು ಕಲಿಸುತ್ತೇನೆ. ಕೆಂಪು ಅಂಚಿನ ವೃತ್ತ ತಡೆಯುತ್ತದೆ, ತ್ರಿಕೋನ ಎಚ್ಚರಿಸುತ್ತದೆ, ತಲೆಕೆಳಗಾದ ತ್ರಿಕೋನ ಬೇರೆಯವರಿಗೆ ದಾರಿ ಬಿಡಿ ಎನ್ನುತ್ತದೆ, ಎಂಟು ಮೂಲೆಯದು ನಿಲ್ಲಿಸುತ್ತದೆ. ಎರಡೂ ರಾಜ್ಯಗಳಲ್ಲಿ ಇವು ಒಂದೇ.

ವೇಗವನ್ನು ಅಡಿಕೆ ಮರದಲ್ಲಿ ಅಳೆಯಿರಿ. ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ, ಅಂದರೆ ಆರು ಮರ. ನಾಯಿ ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವುದರೊಳಗೆ ಆ ಆರು ಮರ ಮುಗಿದಿರುತ್ತವೆ, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಮುಂದಿನ ವಾಹನ ಒಂದು ಕಂಬ ದಾಟಿದಾಗ "ಒಂದು ಅಡಿಕೆ, ಎರಡು ಅಡಿಕೆ, ಮೂರು ಅಡಿಕೆ" ಎಂದು ಎಣಿಸಿ. ಮುಗಿಯುವ ಮೊದಲೇ ನೀವು ಕಂಬಕ್ಕೆ ತಲುಪಿದರೆ ತೀರಾ ಹತ್ತಿರ ಇದ್ದೀರಿ. ಮಳೆಗಾಲದಲ್ಲಿ ಐದಾರು ಅಡಿಕೆ ಎಣಿಸಿ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯನ್ನು ಆರು ಪಥ ಮಾಡಿದ ಮೇಲೆ ಹೊಸಬರ ಹೆದರಿಕೆಯೂ ಬದಲಾಗಿದೆ. ಮೊದಲ ತಿಂಗಳು ಅಲ್ಲಿಗೆ ಹೋಗಬೇಡಿ ಎಂದೇ ನಾನು ಹೇಳುವುದು. ಹೋಗುವ ದಿನ ಬಂದಾಗ, ಸರ್ವಿಸ್ ರಸ್ತೆಯಿಂದ ಸೇರುವ ಬಾಯಲ್ಲಿ ನಿಂತುಬಿಡಬೇಡಿ. ಕನ್ನಡಿ ನೋಡಿ, ಕತ್ತು ತಿರುಗಿಸಿ ನೋಡಿ, ಅಲ್ಲಿನ ವೇಗಕ್ಕೆ ಹತ್ತಿರವಾಗುತ್ತ ಎಡ ಪಥಕ್ಕೆ ಸೇರಿಕೊಳ್ಳಿ.

ಮಳೆಗೆ ತಯಾರಿ ಮೇ ತಿಂಗಳಲ್ಲೇ ಆಗಬೇಕು. ಟಯರಿನ ಗೀರುಗಳೊಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಟಯರ್ ಸವೆದು ಆ ದಿಣ್ಣೆಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರ್, ಬದಲಿಸಲೇಬೇಕು. ಮೊದಲ ಮಳೆ ಜೋರು ಮಳೆಗಿಂತ ಮೋಸಗಾರ: ಬೇಸಗೆಯಿಡೀ ಬಿದ್ದ ಎಣ್ಣೆ, ಧೂಳು ನೀರಿನೊಂದಿಗೆ ಕಲಸಿ ರಸ್ತೆ ಸಾಬೂನಾಗುತ್ತದೆ. ನಿಂತ ನೀರಿನ ಮೇಲೆ ಸ್ಟೇರಿಂಗ್ ಒಮ್ಮೆಲೇ ಹಗುರವಾದರೆ ಚಕ್ರ ನೀರಿನ ಮೇಲೆ ತೇಲುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ಅಲುಗಿಸದೆ ಕಾಯಿರಿ. ಹಗಲಲ್ಲೂ ದೀಪ ಹಾಕಿ, ಡಿಪ್‌ನಲ್ಲಿ, ಅಂದರೆ ಬೆಳಕು ಕೆಳಕ್ಕೆ ಬೀಳುವಂತೆ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ಹೊಸ ಚಾಳಿ ಬೇಡ, ನೀವು ಯಾವ ಕಡೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಸಂಕದ (ಕಿರುಸೇತುವೆಯ) ಮೇಲೆ ನೀರು ಹರಿಯುತ್ತಿದ್ದರೆ ವಾಪಸ್ ಹೋಗಿ. ನಿನ್ನೆ ಜೀಪು ದಾಟಿತ್ತು ಎನ್ನುವವರ ಮಾತು ಕೇಳಬೇಡಿ.

ನಿದ್ದೆಯ ವಿಷಯದಲ್ಲಿ ತಪ್ಪು ನನ್ನದೇ ಇದೆ. ಕೆಲವು ವರ್ಷಗಳ ಹಿಂದೆ ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಅಡ್ಕಸ್ಥಳದ ಕಡೆಯಿಂದ ಬರುತ್ತಿದ್ದೆ. ಕಿವಿಯಲ್ಲಿ ಇನ್ನೂ ಚೆಂಡೆ. ಕಿಟಕಿ ಇಳಿಸಿದೆ, ರೇಡಿಯೋ ಹಾಕಿದೆ, ಚೂಯಿಂಗ್ ಗಮ್ ಅಗಿದೆ. ಮುಂದೆ ನೆನಪಿರುವುದು ಚಕ್ರದಡಿ ಜಲ್ಲಿಯ ಸದ್ದು, ಎದುರಿಗೆ ಒಂದು ಮನೆಯ ಗೇಟು. ಗೇಟಿಗೆ ತಾಗಲಿಲ್ಲ. ಆ ಮನೆಯವರು ಎದ್ದು ಬಂದು ಚಾ ಕೊಟ್ಟರು, ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದರು. ಹೇಳಲಿಲ್ಲ. ಕಿಟಕಿ, ರೇಡಿಯೋ ಯಾವುದೂ ನಿದ್ದೆಗೆ ಮದ್ದಲ್ಲ. ಹಿಂದಿನ ಕಿಲೋಮೀಟರ್ ನೆನಪಿಲ್ಲ ಎನ್ನಿಸಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಮಲಗಿ. ಈಗ ನಾನು ಆಟಕ್ಕೆ ಹೋದರೆ ಬೆಳಕು ಹರಿದು ಮೊದಲ ಬಸ್ ಬಂದ ಮೇಲೇ ಹೊರಡುವುದು.

ಮಗ ಹತ್ತನೇ ತರಗತಿ ಪಾಸಾದ ಎಂದು ಸ್ಕೂಟರ್ ಕೀ ಕೊಡುವ ಅಪ್ಪಂದಿರಿಗೆ ಒಂದೇ ಸಾಲು: 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಮಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ನೂರನೇ ದಿನಕ್ಕೆ ಕೆಲವರು ನನ್ನನ್ನು ಮತ್ತೆ ಕರೆಯುತ್ತಾರೆ. ಹಿಂದಿನ ಸೀಟಿನಲ್ಲಿ ಕುಳಿತು ಬಾಯಿ ಮುಚ್ಚಿಕೊಂಡು ನೋಡುತ್ತೇನೆ. ಅತ್ತಿಗೆ ಕರೆದಾಗ ಪೆರ್ಲದಿಂದ ಬದಿಯಡ್ಕಕ್ಕೆ ಬಂದೆವು. ನಿಂತ ಬಸ್ಸನ್ನು ದಾಟುವಾಗ ಅವರು ವೇಗ ಇಳಿಸಿ, ಬಸ್ಸಿನ ಅಡಿಯಲ್ಲಿ, ಮುಂಚಕ್ರದ ಬಳಿಯ ಸಂದಿಯಲ್ಲಿ ಕಾಲುಗಳು ಕಾಣುತ್ತವೆಯೋ ಎಂದು ಬಗ್ಗಿ ನೋಡಿದರು. ಎರಡು ಕಾಲು, ಬಿಳಿ ಸಾಕ್ಸು. ನಿಲ್ಲಿಸಿದರು. ಹುಡುಗಿ ದಾಟಿ ಹೋದಳು. ಅದನ್ನು ನಾನು ಅವರಿಗೆ ಕಲಿಸಿರಲಿಲ್ಲ. ಈಗ ಎಲ್ಲರಿಗೂ ಕಲಿಸುತ್ತೇನೆ.