ಉದುರು ಕಾಫಿ ಹೆಕ್ಕುವ ಮಕ್ಕಳ ಹಿಂದೆ ಹೋದಾಗ

ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮೇಷ್ಟ್ರು. ನಮ್ಮ ಮಕ್ಕಳೆಲ್ಲ ಹತ್ತಿರದ ಎರಡು ಹಾಡಿಯವರು, ಅಂದರೆ ಆದಿವಾಸಿ ಕೇರಿಯವರು, ಜಾಸ್ತಿ ಜೇನುಕುರುಬರು. ಜೂನ್‌ನಲ್ಲಿ ಕೋಣೆ ತುಂಬಿರುತ್ತದೆ. ಡಿಸೆಂಬರ್ ಬಂತು ಅಂದರೆ ಹಾಜರಿ ಪುಸ್ತಕದ ತುಂಬ ಕೆಂಪು ಶಾಯಿ. ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಗಿರುತ್ತದೆ. ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ಮೊದಲೇ ಬಂದು ಮುಂಗಡ ಕೊಟ್ಟು ಹೋಗಿರುತ್ತಾನೆ. ಒಂದು ದಿನ ನಸುಕಿನಲ್ಲಿ ಜೀಪು ಬರುತ್ತದೆ, ಎಂಟು ಗಂಟೆಗೆ ಹಾಡಿಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ.

ಮೊದಲ ವರ್ಷ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಬ್ಬ ಅಪ್ಪನ ಮುಂದೆ ನಿಂತು, ಮಗಳನ್ನು ಕೆಲಸಕ್ಕೆ ಕರೆದುಕೊಂಡು ಹೋದರೆ ಜೈಲು ಅಂದುಬಿಟ್ಟೆ. ಕಾನೂನನ್ನು ಸರಿಯಾಗಿ ಓದಿರಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ, ನಿಜ. ಆದರೆ ಆರು ತಿಂಗಳಿಂದ ಎರಡು ವರ್ಷದ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರದ ದಂಡ, ಇಲ್ಲವೇ ಎರಡೂ ಇರುವುದು ಕೆಲಸಕ್ಕೆ ಇಟ್ಟುಕೊಂಡವನಿಗೆ. ತಂದೆತಾಯಿ ಮೊದಲ ಸಲ ಸಿಕ್ಕಿಬಿದ್ದರೆ ಶಿಕ್ಷೆಯಿಲ್ಲ. ನಾನು ಹೆದರಿಸಿದ್ದು ತಪ್ಪು ಮನುಷ್ಯನನ್ನು. ನಾಗರಹೊಳೆ ಕಾಡಿನಿಂದ ಎತ್ತಂಗಡಿಯಾದವರ ಮಕ್ಕಳು, ಮೊಮ್ಮಕ್ಕಳು ಇವರು. ಕಾನೂನು ಅನ್ನುವವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವುದು ಅಭ್ಯಾಸವಾಗಿದೆ. ಆ ವರ್ಷವೆಲ್ಲ ನನ್ನ ಬೈಕ್ ಸದ್ದು ಕೇಳಿದರೆ ಮಕ್ಕಳು ಬೇಲಿ ಹಾರಿ ಓಡುತ್ತಿದ್ದರು.

ಮರುವರ್ಷ ಸುಮ್ನೆ ನೋಡಿ ಬರೋಣ ಅಂತ ಒಂದು ಭಾನುವಾರ ತೋಟಕ್ಕೇ ಹೋದೆ. ಮೂರನೇ ತರಗತಿಯ ಒಬ್ಬ ಹುಡುಗಿ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ತರಗೆಲೆ ಸರಿಸಿ ಉದುರು ಕಾಫಿ ಹೆಕ್ಕುತ್ತಿದ್ದಳು. ಬೆನ್ನಿಗೆ ಹಳೇ ಸೀರೆಯಲ್ಲಿ ಕಟ್ಟಿದ ತಮ್ಮ. ಪಕ್ಕದಲ್ಲಿ ಬಣ್ಣದ ಡಬ್ಬಿ. ಡಬ್ಬಿ ತುಂಬಿದರೆ ಅವ್ವನ ಚೀಲಕ್ಕೆ ಸುರಿದು ಬರುತ್ತಾಳೆ. ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಅವ್ವನ ಹೆಸರು, ಅವ್ವನ ಕೆಜಿ. ಹುಡುಗಿ ಎಲ್ಲೂ ಇಲ್ಲ. ಯಾರಾದರೂ ತಪಾಸಣೆಗೆ ಬಂದರೂ ಪುಸ್ತಕದಲ್ಲಿ ಒಂದು ಮಗುವೂ ಸಿಗುವುದಿಲ್ಲ. ದಿನಗೂಲಿ ಆಗಿದ್ದರೆ ಮಗುವಿನ ಕೈ ಸೇರಿಸಿ ಲಾಭವಿಲ್ಲ. ಕೆಜಿ ಲೆಕ್ಕವಾದರೆ ಐದು ವರ್ಷದ ಬೆರಳಿಗೂ ಬೆಲೆ ಬರುತ್ತದೆ. ಇದು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಆದರೆ ಕೂಲಿಯೊಂದೇ ಕಾರಣವಲ್ಲ ಅಂತ ಗೊತ್ತಾಗಿದ್ದು ತೋಟದ ಆಳುಗಳು ಇರುವ ಲೈನ್ ಮನೆ ಮುಂದೆ ಟೀ ಕುಡಿಯುವಾಗ. "ಜೀಪ್ ಹತ್ತೋವಾಗ ಇವಳ್ನ ಯಾರ್ ಕೈಗೆ ಕೊಟ್ಬುಟ್ಟು ಬರ್ಲಿ ಸಾ? ರಾತ್ರಿ ಆನೆ ಬತ್ತದೆ" ಅಂದಳು ಆ ತಾಯಿ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಂದ ನನ್ನ ಕೆಲಸ ನವೆಂಬರಿಗೆ ಬಂತು. ಜೀಪು ಬರುವ ಮುಂಚೆ ನಾಲ್ಕೈದು ಸಂಜೆ ಹಾಡಿಯಲ್ಲಿ ಕೂರುತ್ತೇನೆ. ಯಾವ ಮನೆ, ಯಾವ ತೋಟ, ಎಷ್ಟು ದಿನ, ಹಿಂದೆ ಉಳಿಯುವವರು ಯಾರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಅಜ್ಜಿ ಉಳಿದರೆ ಮಕ್ಕಳು ಉಳಿಯುತ್ತಾರೆ. ಅಜ್ಜಿ ಉಳಿಯಬೇಕಾದರೆ ಮನೆಯಲ್ಲಿ ಅಕ್ಕಿ ಬೇಕು. ಮಗ ಸೊಸೆ ಕೊಡಗಿಗೆ ಹೋದರೆ ರೇಷನ್ನಿಗೆ ಹೆಬ್ಬೆಟ್ಟು ಒತ್ತುವವರು ಅಜ್ಜಿಯೇ. ಗೆಣಸು ಅಗೆದು, ಸೌದೆ ಹೊತ್ತು ಸವೆದ ಬೆರಳು ಅದು, ಯಂತ್ರ ಹಿಡಿಯುವುದೇ ಇಲ್ಲ! ಒಂದು ಅಜ್ಜಿಯ ಹತ್ತೂ ಬೆರಳು ಒರೆಸಿ ಒರೆಸಿ ಒತ್ತಿಸಿ, ಕೊನೆಗೆ ಎಡಗೈ ಉಂಗುರದ ಬೆರಳು ಹಿಡಿಯಿತು. ಶಾಲೆ ಮೇಷ್ಟ್ರು ಮಾಡುವ ಕೆಲಸವಾ ಇದು ಅಂತ ಕೇಳಿದವರಿದ್ದಾರೆ. ಆ ಬೆರಳಿನಿಂದ ಮೂರು ಮಕ್ಕಳು ಪೂರಾ ಬೇಸಿಗೆ ರಜೆವರೆಗೆ ಶಾಲೆಗೆ ಬಂದರು.

ಮಕ್ಕಳು ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಬಂದರೆ ಒಳಗೆ ಬಿಡುತ್ತೇನೆ. ಕೂಸು ಮೇಜಿನ ಕೆಳಗೆ ಮಲಗುತ್ತದೆ, ಆಗಾಗ ಸೀಮೆಸುಣ್ಣ ತಿನ್ನುತ್ತದೆ. ಭೇಟಿಗೆ ಬಂದ ಅಧಿಕಾರಿಯೊಬ್ಬರು "ಏನ್ರೀ, ಶಾಲೆಯೋ ತೊಟ್ಟಿಲ ಮನೆಯೋ?" ಅಂದರು. ನಾನು ನಕ್ಕು ಸುಮ್ಮನಾದೆ.

ಅಜ್ಜಿ ಇಲ್ಲದ ಮನೆಯ ಮಕ್ಕಳು ಹೋಗಿಯೇ ಹೋಗುತ್ತಾರೆ. ಅವರಿಗೆ ಒಂದು ಪತ್ರ ಬರೆದು ಕೊಡುತ್ತೇನೆ: ಹೆಸರು, ತರಗತಿ, ಎಲ್ಲಿಯವರೆಗೆ ಪಾಠ ಆಗಿದೆ, ನನ್ನ ಫೋನ್ ನಂಬರ್. ತೋಟದ ಹತ್ತಿರದ ಶಾಲೆಯಲ್ಲಿ ತೋರಿಸಲಿ ಅಂತ. ಟಿ.ಸಿ. ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೂ ಒಂದು ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಇನ್ನೊಂದು ಕಡೆ ಸೇರಿಸಿಕೊಂಡರು, ನಮ್ಮವರ ಮಾತು ಕೇಳಿ ಉಳಿದ ಮಕ್ಕಳು ಆಡಿಕೊಂಡರಂತೆ. ನಮ್ಮ ಹುಡುಗರಿಬ್ಬರು ವಾರಕ್ಕೇ ಬಿಟ್ಟು ತೋಟಕ್ಕೆ ಹೋದರು. ಪತ್ರದ ಉಪಾಯ ಅರ್ಧ ಫಲ ಕೊಟ್ಟಿದೆ, ಅಷ್ಟೇ.

ಒಂದು ಮಾತು ಹೇಳಲೇಬೇಕು. ಅಪ್ಪನ ಜೊತೆ ಜೇನಿಗೆ ಹೋಗುವ ಹುಡುಗನನ್ನೂ ಬಾಲಕಾರ್ಮಿಕ ಅಂತ ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮರ ಹತ್ತಿಸಬೇಡಿ ಅಂತ ನಾನೂ ಹೇಳುತ್ತೇನೆ. ಆದರೆ ಹೆಜ್ಜೇನು ಯಾವುದು, ತುಡುವೆ ಯಾವುದು, ಯಾವ ಹೂವಿಗೆ ಯಾವಾಗ ಬರುತ್ತದೆ ಅಂತ ರಜೆಯಲ್ಲಿ ಕಲಿಯುವುದು ಅವನ ಮನೆಯ ವಿದ್ಯೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸಕ್ಕೆ ಕೈ ಹಚ್ಚಲು ಕಾನೂನೂ ಬಿಡುತ್ತದೆ. ಬೇರೆಯವರ ತೋಟದಲ್ಲಿ ಕೆಜಿ ಲೆಕ್ಕಕ್ಕೆ ಹೆಕ್ಕುವುದು ಇದಲ್ಲ. ಓದಲು ತಿಣುಕುತ್ತಿದ್ದ ಒಬ್ಬ ಹುಡುಗ ಜೇನಿನ ಬಗ್ಗೆ ಬರಿ ಅಂದಾಗ ಮೊದಲ ಸಲ ಒಂದು ಪುಟ ತುಂಬಿಸಿದ. ಕಾಗುಣಿತ ತಪ್ಪಿತ್ತು, ನಾನು ತಿದ್ದಲಿಲ್ಲ.

ಈ ನವೆಂಬರ್‌ನ ನೋಟ್‌ಬುಕ್ಕಿನಲ್ಲಿ ಏಳು ಮನೆಗಳಿವೆ. ಐದು ಮನೆಯಲ್ಲಿ ಅಜ್ಜಿಯರು ಉಳಿಯುತ್ತೇವೆ ಅಂದಿದ್ದಾರೆ. ಉಳಿದೆರಡು ಮನೆಯ ಅಜ್ಜಿಯರೂ ಹೊರಟಿದ್ದಾರೆ. ಈ ಸಲ ಮೇಸ್ತ್ರಿ ಅವರಿಗೂ ಮುಂಗಡ ಕೊಟ್ಟಿದ್ದಾನೆ.